ಮಂಜುಳಮ್ಮನ ಗಾಳಿಚೀಲ

ಹರಿಯದ ವಸ್ತು ಬೇಕಾದವರು ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿರುವ ಮಂಜುಳಮ್ಮನ ಅಂಗಡಿಗೆ ಹೋಗಬೇಕು. ಚಂದದ ವಸ್ತು ಬೇಕಾದವರಿಗೆ ಕಮರ್ಷಿಯಲ್ ಸ್ಟ್ರೀಟಿನ ದಾರಿಯನ್ನು ಅವಳೇ ತೋರಿಸುತ್ತಾಳೆ, ಸ್ವಲ್ಪ ಮೂಗು ಮುರಿದುಕೊಂಡು. ರವಿಕೆ ಹೊಲಿಯಿರಿ ಎಂದು ಬಂದವರನ್ನು ಅವಳು ಒಳಗೆ ಸೇರಿಸಿದ್ದೇ ಇಲ್ಲ. ಜನರೇಟರಿನ ಹೊದಿಕೆ, ಮೀನಂಗಡಿಯ ತಾಡಪಾಲು, ಮದುವೆಯ ಶಾಮಿಯಾನ, ಜಿಮ್ಮಿನ ಹುಡುಗರು ಗುದ್ದುವ ಮರಳಿನ ಚೀಲ, ಇವು ಅವಳ ಕಸುಬು. ಐವತ್ನಾಲ್ಕರ ವಯಸ್ಸಿನಲ್ಲೂ ಒದ್ದೆ ಕ್ಯಾನ್ವಾಸಿನ ಸುರುಳಿಯನ್ನು ಒಬ್ಬಳೇ ಎತ್ತಿ ಮೇಜಿಗೆ ಹಾಕುತ್ತಾಳೆ. ಸಹಾಯಕ್ಕೆ ಕೈ ಹಾಕಲು ಹೋದರೆ ಬೈಸಿಕೊಳ್ಳುವುದು ಖಂಡಿತ.

ಕಸುಬು ಅಪ್ಪನದು. ಮುನಿರಾಜಪ್ಪ ಕೆ.ಆರ್. ಪುರದಾಚೆಯ ಹಳ್ಳಿಯಿಂದ ದಿನವೂ ಸೈಕಲ್ ತುಳಿದು ಬಂದು ದಂಡು ಪ್ರದೇಶದಲ್ಲಿ ಒಬ್ಬ ಗುತ್ತಿಗೆದಾರನ ಬಳಿ ಮಿಲಿಟರಿಯವರಿಗೆ ಡೇರೆ ಹೊಲಿಯುತ್ತಿದ್ದ. ಡೇರೆಗೆ ಅವನು ಎರಡು ಸಾಲು ಹೊಲಿಗೆ ಹಾಕುತ್ತಿದ್ದ. ಮಗಳು ಮಿಷನ್ನಿನ ಮುಂದೆ ಕೂತ ಮೇಲೆ ಮೂರನೆಯ ಸಾಲು ಸೇರಿಸಿದಳು. ಯಾಕೆ ಎಂದು ಕೇಳಿದರೆ, ಅಪ್ಪನಿಗಿಂತ ನಾನು ಒಂದು ಸಾಲು ಜಾಸ್ತಿ ಎನ್ನುತ್ತಿದ್ದಳು. ಅಂಗಡಿಯ ಗೋಡೆಯ ಮೇಲೆ ಬುದ್ಧನ ಪಟ, ಬಾಬಾಸಾಹೇಬರ ಪಟ, ಅವುಗಳ ಕೆಳಗೆ ಅಪ್ಪನ ಕತ್ತರಿ. ಗಂಡ ತೀರಿಕೊಂಡು ಹನ್ನೊಂದು ವರ್ಷವಾಯಿತು. ಆಗ ಹದಿನೈದು ದಿನ ಬಿಟ್ಟರೆ ಆ ಅಂಗಡಿ ಬಾಗಿಲು ಹಾಕಿದ್ದಿಲ್ಲ. ತನ್ನ ಕೈಯಿಂದ ಹೋದದ್ದು ಹರಿದು ವಾಪಸು ಬರಬಾರದು ಎನ್ನುವುದು ಅವಳಿಗೆ ಹೆಚ್ಚುಕಡಿಮೆ ಧರ್ಮವೇ ಆಗಿತ್ತು.

ಹಾಗೆ ಹರಿದು ವಾಪಸು ಬರುತ್ತಿದ್ದ ವಸ್ತು ಒಂದೇ ಒಂದು. ಮೂರು ವರ್ಷದ ಹಿಂದೆ ಹೊಸಕೋಟೆಯಾಚೆಯ ವಿಮಾನ ತರಬೇತಿ ಶಾಲೆಯಿಂದ ಒಬ್ಬ ಆಳು ಬಂದು, ಕಿತ್ತಳೆ ಮತ್ತು ಬಿಳಿ ಪಟ್ಟೆಗಳ ಒಂದು ಹರಕು ಬಟ್ಟೆಯನ್ನು ಮೇಜಿನ ಮೇಲೆ ಹರಡಿದ್ದ. ಒಂದು ಕಡೆ ಅಗಲ ಬಾಯಿ, ಇನ್ನೊಂದು ಕಡೆ ಸಣ್ಣ ಬಾಯಿ, ಒಟ್ಟು ಐದು ಪಟ್ಟೆ. ಯಾವ ರಾಕ್ಷಸನ ಪೈಜಾಮದ ಕಾಲಪ್ಪ ಇದು ಎಂದು ಮಂಜುಳಮ್ಮ ಕೇಳಿದ್ದಳು. ಮೈದಾನದ ಕಂಬಕ್ಕೆ ಕಟ್ಟುವ ಗಾಳಿಚೀಲ, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ವಿಮಾನದವರು ಇದನ್ನು ನೋಡಿ ತಿಳಿಯುತ್ತಾರೆ ಎಂದು ಅವನು ಹೇಳಿದ. ಅಷ್ಟನ್ನೇ ಹೇಳಿದ. ಅವಳು ಅದೇ ಅಳತೆಗೆ, ಅಂಥದೇ ತೆಳು ಬಟ್ಟೆಯಲ್ಲಿ ಹೊಲಿದು ಕೊಟ್ಟಳು. ಆಷಾಢ ಬಂತು, ಚೀಲದ ಬಾಲ ಹರಿಯಿತು. ಮರುವರ್ಷದ ಆಷಾಢಕ್ಕೂ ಹರಿಯಿತು. ಹರಿದ ಚೀಲವನ್ನು ನೋಡಿದಾಗಲೆಲ್ಲ ಅವಳಿಗೆ ಯಾರೋ ಮುಖಕ್ಕೆ ಹೊಡೆದಂತಾಗುತ್ತಿತ್ತು.

ಈ ವರ್ಷ ಅವಳು ಹಟಕ್ಕೆ ಬಿದ್ದಳು. ಶಿವಾಜಿನಗರದಲ್ಲಿ ಛತ್ರಿ ಮತ್ತು ರೇನ್‌ಕೋಟಿನ ಬಟ್ಟೆ ಮಾರುವ ಅನೀಸ್ ಹತ್ತಿರ ಹೋಗಿ, ಎಳೆದರೂ ಜಗ್ಗದ ದಪ್ಪ ಬಟ್ಟೆ ತಂದಳು. ಒಳಗೆ ಅಸ್ತರಿ ಕೊಟ್ಟಳು. ಬಾಲದ ಅಂಚಿಗೆ ಎರಡು ಬೆರಳು ಅಗಲದ ಕ್ಯಾನ್ವಾಸ್ ಪಟ್ಟಿ ಸುತ್ತಿದಳು. ಎಲ್ಲಕ್ಕೂ ಮೂರು ಸಾಲು ಹೊಲಿಗೆ. ಒಂದಲ್ಲ ಎರಡು ಹೊಲಿದು, ಒಂದನ್ನು ಮೈದಾನಕ್ಕೆ ಕಳಿಸಿ ಇನ್ನೊಂದನ್ನು ಮುಂದಕ್ಕಿರಲಿ ಎಂದು ಅಟ್ಟದ ಮೇಲಿಟ್ಟಳು. ಆಷಾಢ ಬರಲಿ, ಈ ಸಲ ಯಾರು ಗೆಲ್ತಾರೋ ನೋಡೋಣ ಎಂದು ಅನೀಸ್ ಮುಂದೆ ಹೇಳಿಕೊಂಡಳು ಕೂಡ.

ಆಷಾಢ ಬಂತು. ಚೀಲ ಹರಿಯಲಿಲ್ಲ. ಬದಲಿಗೆ ಶಾಲೆಯ ಮುಖ್ಯ ತರಬೇತುದಾರ ಭಗವಂತರಾಯರ ಫೋನ್ ಬಂತು. ಅಭ್ಯಾಸದ ಹಾರಾಟದಲ್ಲಿ ಒಂದು ಸಣ್ಣ ವಿಮಾನ ಇಳಿಯುವಾಗ ಮುಗ್ಗರಿಸಿದೆ, ರಿಪೇರಿಯವರು ಬರುವ ತನಕ ಮಳೆ ಬೀಳದಂತೆ ಅದಕ್ಕೊಂದು ಹೊದಿಕೆ ಬೇಕು, ಅಳತೆ ಕಳಿಸುತ್ತೇನೆ ಎಂದರು. ಬೇರೆಯವರು ತೆಗೆದ ಅಳತೆಗೆ ಮಂಜುಳಮ್ಮ ಹೊಲಿಯುವವಳಲ್ಲ. ತಮ್ಮ ಮುನಿರಾಜುವಿನ ಲಗೇಜ್ ಆಟೋ ಹತ್ತಿ, ಟಿನ್ ಫ್ಯಾಕ್ಟರಿಯ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಬೆಂದು, ಮೈದಾನ ತಲುಪಿದಳು.

ವಿಮಾನ ಶೆಡ್ಡಿನ ಪಕ್ಕದಲ್ಲಿ ಮೂಗು ನೆಲಕ್ಕೆ ಊರಿ ನಿಂತಿತ್ತು. ಇಬ್ಬರು ಕೂರುವಷ್ಟರದು. ಎಡ ರೆಕ್ಕೆಯ ತುದಿ ಹಿಂಡಿಟ್ಟ ಬಟ್ಟೆಯ ಹಾಗೆ ಮುದುಡಿತ್ತು, ಮುಂದಿನ ಫ್ಯಾನಿನ ಅಲಗುಗಳು ಹಿಂದಕ್ಕೆ ಮಡಚಿಕೊಂಡಿದ್ದವು. ಭಗವಂತರಾಯರು ನಡೆದದ್ದನ್ನು ಹೇಳಿದರು. ವಿಭಾ ಎಂಬ ಹುಡುಗಿ, ಇಂದಿರಾನಗರದ ಕಡೆಯ ವಿಮಾ ಕಚೇರಿ ಕಾಲೋನಿಯವಳು, ಒಬ್ಬಳೇ ಸುತ್ತು ಹೊಡೆದು ಇಳಿಯುವ ಅಭ್ಯಾಸ ಮಾಡುತ್ತಿದ್ದಳು. ಹನ್ನೊಂದು ಸಲ ಸರಿಯಾಗಿ ಇಳಿದಿದ್ದಳು. ಹನ್ನೆರಡನೆಯದರಲ್ಲಿ ವಿಮಾನ ಪಕ್ಕಕ್ಕೆ ಸರಿಯಿತು, ಒಂದು ಚಕ್ರ ರನ್‌ವೇ ಬಿಟ್ಟು ಕೆಸರಿಗಿಳಿಯಿತು, ಮೂಗು ನೆಲಕ್ಕೆ ಬಡಿಯಿತು. ಅವಳ ಮಣಿಕಟ್ಟು ಮುರಿಯಿತು. ಗಾಳಿ ಜೋರಿತ್ತು ಎಂದು ಹುಡುಗಿ ಹೇಳುತ್ತಾಳೆ. ಗಾಳಿ ಅಳೆಯುವ ಯಂತ್ರ ಆಗ ರಿಪೇರಿಗೆ ಹೋಗಿತ್ತು, ಆದರೆ ಅಪಘಾತವಾದ ಎರಡೇ ನಿಮಿಷಕ್ಕೆ ತೆಗೆದ ಫೋಟೋಗಳಲ್ಲಿ ಹಿಂದೆ ಗಾಳಿಚೀಲ ಕಾಣುತ್ತದೆ, ಅದರಲ್ಲಿ ಎದ್ದಿರುವುದು ಎರಡೇ ಪಟ್ಟೆ. ಅಷ್ಟು ಸಣ್ಣ ಗಾಳಿಯಲ್ಲಿ ವಿಮಾನ ಹಿಡಿಯಲಾರದವಳು ಪೈಲಟ್ ಆಗಲಾರಳು. ಮುಂದಿನ ಶನಿವಾರ ಸಮಿತಿ ಕೂರುತ್ತದೆ, ಹೆಸರು ತೆಗೆದುಹಾಕುತ್ತದೆ. ಇಷ್ಟು ಹೇಳಿ ಅವರು ಫೋನ್ ಬಂತೆಂದು ಒಳಗೆ ಹೋದರು.

ಮಂಜುಳಮ್ಮ ಟೇಪು ಬಿಚ್ಚಿದಳು. ರೆಕ್ಕೆಯ ಆ ತುದಿ ಹಿಡಿಯಲು ಯಾರಾದರೂ ಬೇಕಿತ್ತು. ಮುನಿರಾಜು ಟೀ ಹುಡುಕಿಕೊಂಡು ಹೋಗಿದ್ದ. ಶೆಡ್ಡಿನ ಕಟ್ಟೆಯ ಮೇಲೆ ಬಲಗೈಗೆ ಪ್ಲಾಸ್ಟರ್ ಹಾಕಿಕೊಂಡ ಒಬ್ಬ ಹುಡುಗಿ ಕಾಗದದ ಫೈಲು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕೇಳುವ ಮೊದಲೇ ಎದ್ದು ಬಂದು, ಎಡಗೈಯಲ್ಲಿ ಟೇಪಿನ ತುದಿ ಹಿಡಿದಳು. ಅವಳು ವಿಭಾ ಎಂದು ಮಂಜುಳಮ್ಮನಿಗೆ ಯಾರೂ ಹೇಳಬೇಕಾಗಲಿಲ್ಲ. ತಾನು ಮುರಿದ ವಿಮಾನವನ್ನು ಅಳೆಯಲು ಆ ಹುಡುಗಿ ಒಂದು ಮಾತಾಡದೆ ರೆಕ್ಕೆಯ ಉದ್ದಕ್ಕೂ ನಡೆದಳು. ಅವಳ ಮೇಲೆ ಮಂಜುಳಮ್ಮನಿಗೆ ಅಲ್ಲೇ ಪ್ರೀತಿ ಹುಟ್ಟಿತು.

ಬಾಲದ ಅಳತೆ ತೆಗೆಯುವಾಗ ಗಾಳಿ ಬೀಸಿತು. ವಿಭಾಳ ಕೈಯಿಂದ ಟೇಪು ಜಾರಿ, ಮಂಜುಳಮ್ಮನ ಮುಷ್ಟಿಯಿಂದ ನೆಟ್ಟಗೆ ಅಡ್ಡಕ್ಕೆ ಚಾಚಿಕೊಂಡು ಪಟಪಟ ಬಡಿಯತೊಡಗಿತು. ಸೆರಗು ತಲೆಯ ಮೇಲೆ ಹಾರಿತು. ಸೆರಗು ಹಿಡಿಯಲು ತಿರುಗಿದವಳಿಗೆ ಮೈದಾನದ ಕಂಬ ಕಾಣಿಸಿತು. ಕಂಬದಲ್ಲಿ ಅವಳ ಚೀಲ. ಮೊದಲ ಎರಡು ಪಟ್ಟೆ ಎದ್ದಿದ್ದವು, ಉಳಿದ ಮೂರು ಉಂಡು ಮಲಗಿದವರ ಕೈಯಂತೆ ಜೋತುಬಿದ್ದಿದ್ದವು.

"ಅವತ್ತೂ ಹೀಗೇ ಇತ್ತು ಆಂಟಿ," ಎಂದಳು ವಿಭಾ. "ಮೈಗೆ ಗಾಳಿ ಜೋರಾಗೇ ಹೊಡೀತಿತ್ತು. ಚೀಲ ನೋಡಿದ್ರೆ ಎರಡೇ ಪಟ್ಟೆ. ನನ್ನ ಮೈಗೆ ಅನ್ಸಿದ್ದೇ ಸುಳ್ಳು ಅಂದ್ಕೊಂಡೆ."

ಮಂಜುಳಮ್ಮ ಇನ್ನೊಮ್ಮೆ ಕಂಬದ ಕಡೆ ನೋಡಿದಳು. ಟೇಪು ಸುತ್ತುತ್ತ, ಭಗವಂತರಾಯರು ಹೊರಗೆ ಬಂದಾಗ, ಏನೋ ಹೊತ್ತು ಹೋಗದೆ ಕೇಳುವವಳಂತೆ ಆ ಪಟ್ಟೆಗಳ ಲೆಕ್ಕವೇನೆಂದು ಕೇಳಿದಳು. ಒಂದು ಪಟ್ಟೆ ಎದ್ದರೆ ಗಾಳಿ ಸುಮಾರು ಮೂರು ನಾಟ್, ಎರಡು ಎದ್ದರೆ ಆರು, ಐದೂ ಎದ್ದು ನೆಟ್ಟಗೆ ನಿಂತರೆ ಹದಿನೈದು ಎಂದು ಅವರು ವಿವರಿಸಿದರು. ಹದಿನೈದು ನಾಟ್ ಎಂದರೆ ರಸ್ತೆಯ ಲೆಕ್ಕದಲ್ಲಿ ಗಂಟೆಗೆ ಇಪ್ಪತ್ತೆಂಟು ಕಿಲೋಮೀಟರ್. ಮೂರು ವರ್ಷದಲ್ಲಿ ಇದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಗಾಳಿಯ ದಿಕ್ಕನ್ನಷ್ಟೇ ತೋರಿಸುವ ಬಾವುಟದಂಥದ್ದು ಎಂದುಕೊಂಡು, ಗಾಳಿಯನ್ನು ತೂಗುವ ತಕ್ಕಡಿಗೆ ಅವಳು ಅಸ್ತರಿ ಹೊಲಿದಿದ್ದಳು.

ಆಗಲೇ ಹೇಳಿಬಿಡಬಹುದಿತ್ತು. ಆದರೆ ಖಚಿತವಾಗಿ ಗೊತ್ತಿಲ್ಲದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವಳಿಗಿರಲಿಲ್ಲ. ಅಂಗಡಿಗೆ ಬಂದವಳೇ ಮಾದರಿಗೆಂದು ಮೊಳೆಗೆ ನೇತುಹಾಕಿದ್ದ ಹಳೆಯ ಹರಕು ಚೀಲವನ್ನು ಇಳಿಸಿ, ಅದೇ ಅಳತೆಗೆ, ಅದೇ ತೆಳು ಬಟ್ಟೆಯಲ್ಲಿ ಹೊಸದೊಂದನ್ನು ಕತ್ತರಿಸಿದಳು. ಅಟ್ಟದಿಂದ ಅಸ್ತರಿಯ ಚೀಲವನ್ನೂ ಇಳಿಸಿದಳು. ಭಾನುವಾರ ಬೆಳಗ್ಗೆ ಐದೂವರೆಗೆ ಆಟೋ ತರಬೇಕೆಂದು ತಮ್ಮನಿಗೆ ಹೇಳಿದಳು.

ಎಲೆ ಅಲುಗದ ಬೆಳಗಿನಲ್ಲಿ ಇಪ್ಪತ್ತೆಂಟರ ವೇಗದಲ್ಲಿ ಹೋದರೆ ಮುಖಕ್ಕೆ ಬಡಿಯುವುದು ಇಪ್ಪತ್ತೆಂಟರ ಗಾಳಿಯೇ. ಇದನ್ನು ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ, ತಾಡಪಾಲು ಕಟ್ಟಿಕೊಂಡು ಲಗೇಜ್ ಆಟೋದಲ್ಲಿ ಓಡಾಡಿದ ಮೂವತ್ತು ವರ್ಷ ಕಲಿಸಿತ್ತು. ಆಟೋದ ಹಿಂದುಗಡೆ ಶಾಮಿಯಾನದ ಎರಡು ಬಿದಿರಿನ ಗಳು ನಿಲ್ಲಿಸಿ, ಒಂದಕ್ಕೆ ತೆಳು ಚೀಲ, ಇನ್ನೊಂದಕ್ಕೆ ಅಸ್ತರಿಯ ಚೀಲ ಕಟ್ಟಿದಳು. ಸಿ.ವಿ. ರಾಮನ್ ನಗರದಲ್ಲಿ ರಕ್ಷಣಾ ಸಂಶೋಧನೆಯವರ ಉದ್ದ ಗೋಡೆಯ ಪಕ್ಕದ ರಸ್ತೆ ಆ ಹೊತ್ತಿಗೆ ಖಾಲಿ ಇರುತ್ತದೆ. ಮುನಿರಾಜು ಮೀಟರ್ ನೋಡಿಕೊಂಡು ಓಡಿಸಿದ, ಮಂಜುಳಮ್ಮ ಹಿಂದೆ ಗಳು ತಬ್ಬಿಕೊಂಡು ನಿಂತಳು. ಅಂಥ ಗೋಡೆಯ ಪಕ್ಕದಲ್ಲಿ ಕಿತ್ತಳೆ ಬಣ್ಣದ ಚೀಲ ಹಾರಿಸಿಕೊಂಡು ನಾಲ್ಕು ಸಲ ಹೋಗಿಬಂದರೆ ಕಾವಲುಗಾರ ಸುಮ್ಮನಿರುತ್ತಾನೆಯೇ? ತಡೆದು, ಏನಿದು ಎಂದು ಕೇಳಿದ. ಹೊಲಿಗೆ ಪರೀಕ್ಷೆ ಎಂದಳು ಮಂಜುಳಮ್ಮ. ಅವನು ಚೀಲಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಎರಡೂ ಬೇರೆ ಬೇರೆ ಥರ ಹಾರುತ್ತಿದ್ದವಲ್ಲ ಎಂದ. ಅವಳಿಗೆ ಬೇಕಾಗಿದ್ದ ಸಾಕ್ಷಿ ಅದೇ.

ಇಪ್ಪತ್ತೆಂಟರಲ್ಲಿ ತೆಳು ಚೀಲ ಗಳುವಿಗೆ ಅಡ್ಡಲಾಗಿ ನೆಟ್ಟಗೆ ನಿಂತಿತ್ತು. ಅಸ್ತರಿಯದು ಮೂರನೆಯ ಪಟ್ಟೆಯನ್ನು ಎತ್ತಲೂ ಏದುಸಿರು ಬಿಡುತ್ತಿತ್ತು. ಇಪ್ಪತ್ತನಾಲ್ಕಕ್ಕೆ ಇಳಿಸಿದಾಗ ತೆಳುವಿನದು ನಾಲ್ಕು ಪಟ್ಟೆ, ಅಸ್ತರಿಯದು ಎರಡು. ಫೋಟೋದಲ್ಲಿದ್ದದ್ದೂ ಎರಡು.

ಮಂಜುಳಮ್ಮ ಆಟೋದ ತಳದಲ್ಲೇ ಕೂತುಬಿಟ್ಟಳು. ಅವಳಿಗೆ ಅಳು ಬಂತು, ಅಳುವಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಯಾರಿಗೂ ಕಾಣದ ಮೂರನೆಯ ಸಾಲಿನ ಬಗ್ಗೆ ಇಷ್ಟು ವರ್ಷ ಬೀಗಿದ್ದೇನು, ಅದೇ ಸಾಲು ಒಂದು ಹುಡುಗಿಯ ಕೈ ಮುರಿದದ್ದೇನು. ಮುನಿರಾಜು ಎಂಜಿನ್ ಆರಿಸಿ ಹತ್ತಿರ ಬಂದ. ಅಕ್ಕನನ್ನು ಹೀಗೆ ಅವನು ನೋಡಿರಲಿಲ್ಲ.

"ಯಾರೂ ನಿನ್ನ ಕೇಳಿಲ್ಲ ಅಕ್ಕ," ಎಂದ. "ಸುಮ್ನೆ ತೆಳ್ಳಗಿಂದು ಕಟ್ಟಿ ಬಂದ್ಬಿಡೋಣ. ಹಲಸೂರಲ್ಲಿ ಗೊತ್ತಾದ್ರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು."

"ಆ ಹುಡುಗಿ ಮುರಿದ ಕೈ ಇಟ್ಕೊಂಡು ನನ್ನ ಟೇಪು ಹಿಡಿದ್ಲು ಕಣೋ," ಎಂದಳು ಮಂಜುಳಮ್ಮ. ಎದ್ದು, ಚೀಲಗಳನ್ನು ಬಿಚ್ಚಿ ಮಡಿಸಿಟ್ಟಳು.

ಸೋಮವಾರ ಭಗವಂತರಾಯರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದಳು. ಅವರು, ಬಟ್ಟೆಯ ಮೇಲೆ ತಪ್ಪು ಹಾಕಲು ಬರುವುದಿಲ್ಲಮ್ಮ, ಆಟೋದ ಮೀಟರು ಪುರಾವೆಯೂ ಅಲ್ಲ, ಹೊದಿಕೆಯನ್ನು ಯಾರ ಕೈಯಲ್ಲಾದರೂ ಕಳಿಸಿಕೊಡಿ ಎಂದು ಫೋನಿಟ್ಟರು. ನಿಜಕ್ಕೂ ಅವರು ಕೆಟ್ಟವರಲ್ಲ. ಆದರೆ ಅಪಘಾತದ ದಿನ ಮಧ್ಯಾಹ್ನ ಚೀಲದ ಕಡೆ ಕಣ್ಣು ಹಾಯಿಸಿ, ಗಾಳಿ ಕಡಿಮೆಯಿದೆ, ಹೋಗು ಎಂದು ಹುಡುಗಿಯನ್ನು ಮೇಲಕ್ಕೆ ಕಳಿಸಿದವರು ಅವರೇ. ಚೀಲ ಸುಳ್ಳು ಹೇಳಿತು ಎಂದು ಒಪ್ಪಿದರೆ, ಮೂರು ವಾರದಿಂದ ಆ ಸುಳ್ಳನ್ನು ದಿನಾ ನೋಡಿಯೂ ತಮಗೆ ತಿಳಿಯಲಿಲ್ಲ ಎಂದು ಒಪ್ಪಬೇಕಾಗುತ್ತಿತ್ತು. ಮಂಜುಳಮ್ಮನಿಗೆ ಅವರ ಸಂಕಟ ಅರ್ಥವಾಯಿತು. ಅರ್ಥವಾಯಿತೆಂದು ಬಿಟ್ಟುಬಿಡುವ ಹೆಂಗಸಲ್ಲ ಅವಳು.

ಶನಿವಾರ ಹೊದಿಕೆಯನ್ನು ತಾನೇ ಹೊತ್ತು, ಗಳು ಹೇರಿದ ತಮ್ಮನ ಆಟೋದಲ್ಲಿ ಹೋದಳು. ಹೊದಿಕೆ ತಂದವಳನ್ನು ಗೇಟಿನಲ್ಲಿ ಯಾರು ತಡೆಯುತ್ತಾರೆ? ಒಳಗೆ ಹೋಗಿ ಅದನ್ನು ವಿಮಾನದ ಪಕ್ಕ ಇಳಿಸಿ, ಎರಡು ಚೀಲಗಳನ್ನು ಕಂಕುಳಲ್ಲಿಟ್ಟುಕೊಂಡು, ಸಮಿತಿ ಕೂತಿದ್ದ ಕೋಣೆಯ ಬಾಗಿಲು ತಟ್ಟಿದಳು. ಉದ್ದ ಮೇಜಿನ ಆ ಕಡೆ ಭಗವಂತರಾಯರು, ಅವರ ಪಕ್ಕದಲ್ಲಿ ಸಮಿತಿಯ ಹಿರಿಯ, ನಿವೃತ್ತ ಪೈಲಟ್ ಕೆಂಪರಾಜ್. ಈ ಕಡೆ ವಿಭಾ, ಅವಳ ತಂದೆ ಗುರುರಾಜ್. ಗುರುರಾಜ್ ಇಸ್ತ್ರಿ ಮಾಡಿದ ಅಂಗಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು, ಮುಖ ಮಾತ್ರ ರಾತ್ರಿಯೆಲ್ಲ ನಿದ್ದೆಗೆಟ್ಟವರದು. ವಿಭಾಳ ಮುಂದೆ, ಹೆಸರು ತೆಗೆಯಲು ಒಪ್ಪಿ ಸಹಿ ಮಾಡಬೇಕಾದ ಕಾಗದವಿತ್ತು, ಪೆನ್ನಿನ ಮುಚ್ಚಳ ತೆಗೆದಿತ್ತು.

"ನಾನು ಹೊಲಿಗೆಯವಳು ಸಾರ್," ಎಂದಳು ಮಂಜುಳಮ್ಮ. "ಆ ಕಂಬದ ಚೀಲ ನಂದು. ಹರೀಬಾರ್ದು ಅಂತ ಭಾರ ಮಾಡ್ಬಿಟ್ಟೆ. ಅದು ಎರಡು ಪಟ್ಟೆ ತೋರಿಸ್ದಾಗ ಗಾಳಿ ನಾಲ್ಕು ಪಟ್ಟೆ ಇರುತ್ತೆ. ತಪ್ಪು ನಂದು. ಆ ಕಾಗದಕ್ಕೆ ಈ ಮಗು ಸೈನ್ ಮಾಡೋ ಮುಂಚೆ ನೀವು ಹೊರಗೆ ಬಂದು ನೋಡ್ಬೇಕು."

ಭಗವಂತರಾಯರು ಏನೋ ಹೇಳಲು ಹೊರಟರು. ಕೆಂಪರಾಜ್ ಅದಕ್ಕೆ ಕಾಯಲಿಲ್ಲ. ಕೋಲೂರಿಕೊಂಡು ಎದ್ದು, ನಡೀರಿ, ಕಂಬ ಎಲ್ಲೂ ಓಡಿಹೋಗಿಲ್ಲವಲ್ಲ ಎಂದರು.

ಹೊರಗೆ ಗಾಳಿಗೆ ಹುಲ್ಲೆಲ್ಲ ಒಂದೇ ಕಡೆ ಮಲಗಿತ್ತು. ಅಸ್ತರಿಯ ಚೀಲ ಕಂಬದಲ್ಲಿ ಇದ್ದೇ ಇತ್ತು. ಪಕ್ಕದಲ್ಲಿ ಶಾಮಿಯಾನದ ಗಳು ನೆಟ್ಟು ಮುನಿರಾಜು ತೆಳು ಚೀಲವನ್ನು ಏರಿಸಿದ. ಅದು ಬಾಯಿ ತುಂಬಾ ಗಾಳಿ ಕುಡಿದು, ಒಂದೊಂದೇ ಪಟ್ಟೆ ಎತ್ತಿ, ನಾಲ್ಕರಲ್ಲಿ ನಿಂತಿತು. ಪಕ್ಕದ್ದು ಎರಡರಲ್ಲೇ ಉಳಿಯಿತು. ರಿಪೇರಿಯಾಗಿ ಬಂದಿದ್ದ ಗಾಳಿ ಅಳೆಯುವ ಯಂತ್ರವನ್ನು ನೋಡಿ ಬರಲು ಹೋದ ಶಾಲೆಯ ಆಳು ವಾಪಸು ಬಂದು ಹದಿಮೂರು ನಾಟ್ ಎಂದ. ಕಲಿಯುವವರನ್ನು ಒಬ್ಬಂಟಿಯಾಗಿ ಕಳಿಸಬಾರದ ಗಾಳಿ ಅದು. ಗುರುರಾಜ್ ಕನ್ನಡಕ ತೆಗೆದು ಒರೆಸಿಕೊಂಡರು, ಮತ್ತೆ ಹಾಕಿಕೊಳ್ಳುವುದನ್ನು ಮರೆತರು.

ಭಗವಂತರಾಯರು ಎರಡು ಚೀಲಗಳನ್ನೂ ತುಂಬ ಹೊತ್ತು ನೋಡಿದರು. ಆಮೇಲೆ, ಅವತ್ತು ಚೀಲ ನೋಡಿ ಇವಳನ್ನು ಕಳಿಸಿದ್ದು ನಾನು, ಅದನ್ನೂ ಬರೆದುಕೊಳ್ಳಿ ಎಂದು ಕೆಂಪರಾಜರಿಗೆ ಹೇಳಿದರು. ಹೇಳಿದ ಮೇಲೆ ಅವರ ಭುಜ ಸ್ವಲ್ಪ ಇಳಿಯಿತು.

ಎಲ್ಲರೂ ಮಂಜುಳಮ್ಮನ ಕಡೆ ತಿರುಗುವ ಹೊತ್ತಿಗೆ ವಿಭಾ ಬಾಯಿ ತೆರೆದಳು. "ಪೂರ್ತಿ ನಿಮ್ದೇ ಅಲ್ಲ ಆಂಟಿ. ಪಕ್ಕಕ್ಕೆ ಸರೀತಿದೆ ಅಂತ ಗೊತ್ತಾದಾಗ್ಲೇ ನಾನು ಇಳಿಸೋದು ಬಿಟ್ಟು ಮೇಲಕ್ಕೆ ಹೋಗ್ಬೇಕಿತ್ತು. ಹಟ ಮಾಡಿ ಇಳಿಸ್ದೆ."

"ಅದು ನಿಂದು, ನೀನಿಟ್ಕೋ," ಎಂದಳು ಮಂಜುಳಮ್ಮ. "ನಂದು ನಂಗೆ ಕೊಡು. ನಂದೂ ಸೇರ್ಸಿ ಹೊರ್ಬೇಡ."

ವಿಭಾಳ ಹೆಸರನ್ನು ತೆಗೆಯಲಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ತರಬೇತುದಾರರ ಜೊತೆ ಹತ್ತು ಗಂಟೆ ಹೆಚ್ಚು ಹಾರಿ, ಆಮೇಲೆ ಒಬ್ಬಳೇ ಹಾರಬಹುದು ಎಂದು ಸಮಿತಿ ಬರೆಯಿತು. ಗಾಳಿಚೀಲದ ಗುತ್ತಿಗೆ ತಪ್ಪಿಹೋಗುತ್ತದೆ ಎಂದು ಮುನಿರಾಜು ಲೆಕ್ಕ ಹಾಕಿದ್ದ, ಅದು ತಪ್ಪಲಿಲ್ಲ. ಬಟ್ಟೆಯ ತೂಕ, ಬಾಲದ ಅಗಲ, ಯಾವ ಗಾಳಿಗೆ ಎಷ್ಟು ಪಟ್ಟೆ ಏಳಬೇಕು ಎನ್ನುವುದನ್ನೆಲ್ಲ ಭಗವಂತರಾಯರು ಒಂದು ಹಾಳೆಯಲ್ಲಿ ಬರೆದು ಕಳಿಸಿದರು. ಮಂಜುಳಮ್ಮ ಅದನ್ನು ಅಪ್ಪನ ಕತ್ತರಿಯ ಕೆಳಗೆ ಅಂಟಿಸಿದಳು. ಹಲಸೂರಿನಲ್ಲಿ ಸುದ್ದಿ ಹರಡಿತು, ಎರಡು ದಿನ ಕೆಲವರು ಆಡಿಕೊಂಡರು. ಮೀನಂಗಡಿಯವರಿಗೆ ಮಾತ್ರ ತಾಡಪಾಲು ಅವಳ ಕೈಯದೇ ಬೇಕಾಗಿತ್ತು.

ಕಾರ್ತಿಕ ಕಳೆದು ಚಳಿ ಶುರುವಾದ ಮೇಲೆ ಒಂದು ಬೆಳಗ್ಗೆ ವಿಭಾ ಅಂಗಡಿಗೆ ಬಂದಳು. ಬಲಗೈಯಲ್ಲೇ ಒಂದು ಕವರು ಹಿಡಿದುಕೊಂಡಿದ್ದಳು. ಅದರೊಳಗಿನ ಗಾಳಿಚೀಲವನ್ನು ತೆಗೆದು ಮೇಜಿನ ಮೇಲೆ ಹರಡಿದಳು. ಬಣ್ಣ ಮಾಸಿತ್ತು, ಬಾಲದ ಹತ್ತಿರ ಒಂದು ಗೇಣು ಉದ್ದಕ್ಕೆ ಹರಿದಿತ್ತು. ನಾಲ್ಕು ತಿಂಗಳು ಬಾಳಿತ್ತು. ಹರಿದುಹೋಯ್ತು ಎಂದು ಹುಡುಗಿ ಸಂಕೋಚದಿಂದಲೇ ಹೇಳಿದಳು.

ಮಂಜುಳಮ್ಮ, ಒಬ್ಬಳೇ ಹಾರಿದೆಯಾ ಎಂದು ಕೇಳಿದಳು.

"ಮೊನ್ನೆ ಹಾರ್ದೆ. ಇಳಿಯೋಕೆ ಬಂದೆ, ಚೀಲ ನೋಡಿದ್ರೆ ನಾಲ್ಕು ಪಟ್ಟೆ. ಇಳೀಲಿಲ್ಲ. ವಾಪಸ್ ಮೇಲೆ ಹೋಗಿ ಸುತ್ತು ಹೊಡೀತಿದ್ದೆ, ಎರಡಕ್ಕೆ ಬಂದ್ಮೇಲೆ ಇಳಿದೆ."

ಮಂಜುಳಮ್ಮ ಹರುಕಿನೊಳಗೆ ಎರಡು ಬೆರಳು ಹಾಕಿ, ಅಂಚು ಸವರಿ ನೋಡಿದಳು. ತನ್ನ ಕೈಯಿಂದ ಹೋದದ್ದು ಹರಿದು ವಾಪಸು ಬಂದದ್ದಕ್ಕೆ ಅವಳಿಗೆ ಜೀವಮಾನದಲ್ಲಿ ಮೊದಲ ಸಲ ಸಂತೋಷವಾಯಿತು. ಹುಡುಗಿಗೆ ಸ್ಟೂಲು ಎಳೆದು ಕೊಟ್ಟು, ಟೀ ಹೇಳಿ, ತೆಳು ಬಟ್ಟೆಯ ಥಾನು ಬಿಚ್ಚಿ ಹೊಸ ಚೀಲಕ್ಕೆ ಕತ್ತರಿ ಹಾಕಿದಳು. ಟೀ ಮುಗಿಯುವಷ್ಟರಲ್ಲಿ ಎರಡು ಸಾಲು ಹೊಲಿದಾಗಿತ್ತು. ಅಭ್ಯಾಸಬಲದಿಂದ ಬಟ್ಟೆಯನ್ನು ಮೂರನೆಯ ಸಾಲಿಗೆ ತಿರುಗಿಸಿದವಳು, ನಕ್ಕು, ದಾರ ಕತ್ತರಿಸಿದಳು.